ಜಾಲರಿಯ ಆಚೆ ಕೆಂಚ

ಬೆಂಗಳೂರಿನ ಅಂಚಿನಲ್ಲಿರುವ ಯಾವುದಾದರೂ ನಾಯಿಗಳ ಆಶ್ರಯಧಾಮಕ್ಕೆ ಹೋಗಿ ನೋಡಿ. ಗೇಟು ತೆರೆದ ಕೂಡಲೇ ಮೊದಲು ಎದುರಾಗುವುದು ಸದ್ದು. ಒಂದು ನಾಯಿ ಬೊಗಳಿತೆಂದರೆ ಮುಗಿಯಿತು, ಸಾಲಿನಲ್ಲಿರುವ ಎಲ್ಲವೂ ಶುರು ಮಾಡುತ್ತವೆ. ಆ ಗದ್ದಲದ ನಡುವೆ ಒಂದು ನಾಯಿ ಮಾತ್ರ ಬೊಗಳದೆ ಜಾಲರಿಯ ಹತ್ತಿರ ಬಂದು, ಕಂಡಿಯಲ್ಲಿ ಮೂಗು ತೂರಿಸಿ ನಿಂತುಬಿಡುತ್ತದೆ. ಮೈಯೆಲ್ಲ ಇಟ್ಟಿಗೆ ಬಣ್ಣ, ಎದೆಯ ಮೇಲೆ ಒಂದು ಬಿಳಿ ಮಚ್ಚೆ. ಬಾಲ ಅಲ್ಲಾಡುವಾಗ ಸೊಂಟವೂ ಅದರ ಜೊತೆಗೇ ಅಲ್ಲಾಡುತ್ತದೆ. ಇಂಥ ಒಂದು ನಾಯಿ ಎಲ್ಲ ಆಶ್ರಯಧಾಮಗಳಲ್ಲೂ ಇರುತ್ತದೆ. ನಮ್ಮ ಇವತ್ತಿನ ಮಾತುಕತೆಗಾಗಿ ಅವನನ್ನು ಕೆಂಚ ಎಂದು ಕರೆಯೋಣ.

ಕೆಂಚನ ಒಂದು ಕಿವಿಯ ತುದಿ ಚೂರು ಕತ್ತರಿಸಿದೆ. ಬೇರೆ ನಾಯಿ ಕಚ್ಚಿದ್ದಲ್ಲ, ಪಶುವೈದ್ಯರು ಅರಿವಳಿಕೆ ಕೊಟ್ಟು ಮಾಡಿದ ಗುರುತು ಅದು. ಮರಿಗಳಾಗದಂತೆ ಆಪರೇಷನ್ ಆಗಿದೆ, ರೇಬೀಸ್ ಲಸಿಕೆಯೂ ಹಾಕಿದೆ ಎಂದು ದೂರದಿಂದಲೇ ಗೊತ್ತಾಗಲಿ ಎಂದು ಹೀಗೆ ಮಾಡುತ್ತಾರೆ. ನಿಮ್ಮ ಬೀದಿಯ ನಾಯಿಗಳ ಕಿವಿಯನ್ನೂ ಒಮ್ಮೆ ಗಮನಿಸಿ.

ಕೆಂಚನಿಗೆ ಹಿಂದೆ ಒಂದು ಮನೆಯಿತ್ತು. ಮನೆಯವರು ಬಾಡಿಗೆ ಮನೆ ಬದಲಿಸಿದರು, ಹೊಸ ಮನೆಯ ಮಾಲೀಕರು ನಾಯಿ ಬೇಡವೆಂದರು, ಇವನು ಇಲ್ಲಿಗೆ ಬಂದ. ಆಶ್ರಯಧಾಮಗಳಲ್ಲಿ ದಿನವೂ ಕೇಳಿಬರುವ ಕತೆ ಇದು. ದತ್ತು ಕೇಳಿಕೊಂಡು ಬರುವವರು ಇವನನ್ನು ನೋಡಿ ಮುಗುಳ್ನಗುತ್ತಾರೆ, 'ಪಾಪ, ಎಷ್ಟು ಸಾಧು' ಎನ್ನುತ್ತಾರೆ, ಆಮೇಲೆ ಮುಂದಿನ ಗೂಡಿನ ಮರಿಯ ಕಡೆ ನಡೆಯುತ್ತಾರೆ. ಅವರ ಅನುಮಾನ ಒಂದೇ: 'ಬೆಳೆದ ನಾಯಿ, ಹಳೇ ಮನೆಯವರನ್ನು ಹಚ್ಚಿಕೊಂಡುಬಿಟ್ಟಿರುತ್ತದೆ. ಇನ್ನು ನಮ್ಮನ್ನು ಹಚ್ಚಿಕೊಳ್ಳುತ್ತದೆಯೇ?'

ಈ ಪ್ರಶ್ನೆಗೆ ಊಹೆಯ ಉತ್ತರ ಬೇಡ. ಪ್ರಯೋಗ ಮಾಡಿ ನೋಡಿದವರಿದ್ದಾರೆ.

ಹಂಗೆರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಓಟ್ವೋಶ್ ಲೊರಾಂಡ್ ಎಂಬ ವಿಶ್ವವಿದ್ಯಾಲಯವಿದೆ. ನಾಯಿಗಳ ಮನಸ್ಸನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತಿರುವ ವಿಜ್ಞಾನಿಗಳ ತಂಡ ಅಲ್ಲಿದೆ. ಅವರು ಆಶ್ರಯಧಾಮದ ಬೆಳೆದ ನಾಯಿಗಳನ್ನು ಆರಿಸಿಕೊಂಡರು. ಕೆಲವು ನಾಯಿಗಳ ಜೊತೆ ಒಬ್ಬ ಹೊಸಬರು ಮೂರು ಸಲ ಸ್ವಲ್ಪ ಹೊತ್ತು ಕಳೆದರು. ಪ್ರತಿ ಸಲವೂ ಹತ್ತೇ ನಿಮಿಷ. ಮಾತಾಡಿಸುವುದು, ಮೈ ನೇವರಿಸುವುದು, ಒಂದಿಷ್ಟು ಆಟ. ಉಳಿದ ನಾಯಿಗಳಿಗೆ ಆ ಭಾಗ್ಯ ಸಿಗಲಿಲ್ಲ.

ಆಮೇಲೆ ಪರೀಕ್ಷೆ. ನಾಯಿಯನ್ನು ಅದು ಹಿಂದೆಂದೂ ನೋಡದ ಒಂದು ಕೋಣೆಗೆ ಕರೆತಂದರು. ಜೊತೆಗೆ ಆ ಹತ್ತು ನಿಮಿಷದ ಗೆಳೆಯ. ಅಷ್ಟರಲ್ಲಿ ಪೂರ್ತಿ ಅಪರಿಚಿತ ವ್ಯಕ್ತಿಯೊಬ್ಬರು ಒಳಗೆ ಬಂದರು, ಗೆಳೆಯ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಮರಳಿ ಬಂದ. ನಾಯಿ ಯಾರ ಹತ್ತಿರ ಹೋಗುತ್ತದೆ, ಯಾರು ಹೊರಟಾಗ ಬಾಗಿಲ ಬಳಿ ನಿಲ್ಲುತ್ತದೆ, ಯಾರು ಬಂದಾಗ ಮೈಮೇಲೆ ಹಾರುತ್ತದೆ ಎಂಬುದನ್ನೆಲ್ಲ ಬರೆದಿಟ್ಟುಕೊಂಡರು. ಪುಟ್ಟ ಮಕ್ಕಳಿಗೆ ಅಮ್ಮನ ಮೇಲೆ ಎಷ್ಟು ಒಲವಿದೆ ಎಂದು ತಿಳಿಯಲು ಮನೋವಿಜ್ಞಾನಿಗಳು ಮಾಡುವ ಪರೀಕ್ಷೆಯೂ ಇದೇ ಬಗೆಯದು. ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಬರೀ ಮೂರು ಭೇಟಿ ಆಗಿದ್ದ ನಾಯಿಗಳು ಆ ಗೆಳೆಯನನ್ನು ತಮ್ಮವನೆಂದೇ ನಡೆಸಿಕೊಂಡವು. ಅಪರಿಚಿತನಿಗಿಂತ ಅವನ ಹತ್ತಿರವೇ ಹೆಚ್ಚು ಹೋದವು, ಅವನು ಬಂದಾಗ ಓಡಿ ಬಂದು ಎದುರುಗೊಂಡವು.

ಮೂರು ಸಲ ಹತ್ತು ನಿಮಿಷ ಅಂದರೆ ಒಟ್ಟು ಅರ್ಧ ಗಂಟೆ! ನಿಮ್ಮ ಶಾಲೆಯ ಒಂದು ಪೀರಿಯಡ್ಡಿಗಿಂತ ಕಡಿಮೆ. ಬೆಳೆದ ನಾಯಿ ಹೊಸಬರನ್ನು ಹಚ್ಚಿಕೊಳ್ಳುವುದಿಲ್ಲ ಎಂದು ಯಾರಾದರೂ ಹೇಳಿದಾಗ ನನಗೆ ಈ ಅರ್ಧ ಗಂಟೆಯೇ ನೆನಪಾಗುತ್ತದೆ.

ಆ ಹತ್ತು ನಿಮಿಷದಲ್ಲಿ ನಾಯಿಗೆ ಬೇಕಾದದ್ದು ಏನು? ಬಿಸ್ಕತ್ತೇ? ಇದಕ್ಕೆ ಉತ್ತರ ನಮ್ಮ ದೇಶದ ಬೀದಿಗಳಲ್ಲೇ ಸಿಕ್ಕಿದೆ. ಕೋಲ್ಕತ್ತಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ತಂಡ ಬೀದಿನಾಯಿಗಳ ನಡವಳಿಕೆಯನ್ನೇ ಅಭ್ಯಾಸ ಮಾಡುತ್ತದೆ. ಯಾರ ಮನೆಗೂ ಸೇರದ, ಎಂಜಲೆಲೆ ಮೂಸಿ ಬದುಕುವ ನಾಯಿಗಳು ಅವು. ಜನರ ಕಲ್ಲೇಟು ತಿಂದು ಅಭ್ಯಾಸವಿರುವುದರಿಂದ ಅಪರಿಚಿತರನ್ನು ಕಂಡರೆ ಅವುಗಳಿಗೆ ಅಳುಕು. ತಂಡದವರು ಕೆಲವು ನಾಯಿಗಳಿಗೆ ಪದೇ ಪದೇ ತಿನಿಸು ಕೊಟ್ಟರು, ಇನ್ನು ಕೆಲವಕ್ಕೆ ಪದೇ ಪದೇ ತಲೆ ನೇವರಿಸಿದರು. ದಿನಗಳು ಕಳೆದಂತೆ ಯಾವ ನಾಯಿಗಳು ಹೆಚ್ಚು ಧೈರ್ಯವಾಗಿ ಹತ್ತಿರ ಬರತೊಡಗಿದವು? ನೇವರಿಸಿಕೊಂಡ ನಾಯಿಗಳು! ಹಸಿದ ಹೊಟ್ಟೆಯ ಬೀದಿನಾಯಿಗೂ ನಂಬಿಕೆ ಹುಟ್ಟಿಸುವುದರಲ್ಲಿ ತಿನಿಸಿಗಿಂತ ಪ್ರೀತಿಯ ಸ್ಪರ್ಶವೇ ಮೇಲಾಯಿತು. ಈ ಅಧ್ಯಯನ ಪ್ರಕಟವಾದದ್ದು 2017ರಲ್ಲಿ. 'ಕಂತ್ರಿ ನಾಯಿ' ಎಂದು ಜನ ಮೂಗು ಮುರಿಯುವ ನಾಯಿಗಳೇ ಇದನ್ನು ಜಗತ್ತಿನ ವಿಜ್ಞಾನಿಗಳಿಗೆ ತೋರಿಸಿಕೊಟ್ಟವು ಎನ್ನುವುದು ನನಗಂತೂ ಹೆಮ್ಮೆಯ ಸಂಗತಿ.

ಈಗ ಕೆಂಚನ ಹತ್ತಿರ ಹೋಗೋಣ. ಅವನ ಮೂಗು ನಿಮ್ಮ ಅಂಗೈಯ ಕಡೆಗೇ ಇದೆ. ಆ ಮೂಗನ್ನು ಒಮ್ಮೆ ಹತ್ತಿರದಿಂದ ನೋಡಿ. ಕಪ್ಪಗೆ, ಒದ್ದೆಯಾಗಿದೆ. ಎರಡು ಹೊಳ್ಳೆಗಳ ಪಕ್ಕದಲ್ಲಿ ಅರ್ಧಚಂದ್ರದ ಹಾಗೆ ಒಂದೊಂದು ಸೀಳು ಕಾಣುತ್ತದೆ. ಉಸಿರು ಒಳಗೆ ಹೋಗುವುದು ಎದುರಿನ ತೂತಿನಿಂದ, ಹೊರಗೆ ಬರುವುದು ಹೆಚ್ಚಾಗಿ ಈ ಪಕ್ಕದ ಸೀಳಿನಿಂದ. ಹಾಗಾಗಿ ಹೊರಬಿಟ್ಟ ಉಸಿರು ಮುಂದಿರುವ ವಾಸನೆಯನ್ನು ಚದುರಿಸುವುದಿಲ್ಲ. ಕೆಂಚ ಸೆಕೆಂಡಿಗೆ ಐದಾರು ಸಲ ಮೂಸಬಲ್ಲ. ಮೂಸಿದ ಗಾಳಿಯ ಒಂದು ಪಾಲು ಶ್ವಾಸಕೋಶದ ದಾರಿ ಬಿಟ್ಟು, ಮೂಗಿನ ಹಿಂಭಾಗದಲ್ಲಿ ವಾಸನೆಗೆಂದೇ ಇರುವ ಜಾಗಕ್ಕೆ ಹೋಗುತ್ತದೆ. ವಾಸನೆ ಹಿಡಿಯುವ ಗ್ರಾಹಕಗಳು ನಮ್ಮಲ್ಲಿ ಸುಮಾರು 400 ಬಗೆಯವು, ನಾಯಿಯಲ್ಲಿ ಸುಮಾರು 800 ಬಗೆಯವು. ಅವುಗಳನ್ನು ಹೊತ್ತ ಜೀವಕೋಶಗಳ ಸಂಖ್ಯೆಯಂತೂ ನಮಗಿಂತ ಎಷ್ಟೋ ಪಟ್ಟು ಹೆಚ್ಚು.

ನೀವು ಬೆಳಗ್ಗೆ ತಿಂದ ಉಪ್ಪಿಟ್ಟು, ಮುಟ್ಟಿದ ಬೆಕ್ಕು, ಹಚ್ಚಿಕೊಂಡ ಕೊಬ್ಬರಿ ಎಣ್ಣೆ ಇವೆಲ್ಲ ಕೆಂಚನಿಗೆ ಆ ಒಂದು ಅಂಗೈಯಲ್ಲಿ ಗೊತ್ತಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ 'ನೀವು' ಗೊತ್ತಾಗುತ್ತೀರಿ. ಏಕೆಂದರೆ ಪ್ರತಿಯೊಬ್ಬರ ಮೈಗೂ ಅವರದೇ ಆದ ವಾಸನೆ ಇರುತ್ತದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಎಂಬ ವಿಜ್ಞಾನಿ ನಾಯಿಗಳಿಗೆ ಮಿದುಳಿನ ಚಿತ್ರ ತೆಗೆಯುವ ಎಂಆರ್‌ಐ ಯಂತ್ರದೊಳಗೆ ಅಲ್ಲಾಡದೆ ಮಲಗಲು ಕಲಿಸಿದರು. ಅರಿವಳಿಕೆ ಇಲ್ಲ, ಕಟ್ಟಿಹಾಕಿಲ್ಲ, ಬರೀ ಅಭ್ಯಾಸ ಮತ್ತು ಬಹುಮಾನ. ಆಮೇಲೆ 12 ನಾಯಿಗಳಿಗೆ ಬೇರೆ ಬೇರೆ ವಾಸನೆ ತೋರಿಸಿದರು: ಪರಿಚಿತ ಮನುಷ್ಯರದು, ಅಪರಿಚಿತರದು, ಪರಿಚಿತ ನಾಯಿಯದು, ಅಪರಿಚಿತ ನಾಯಿಯದು, ತನ್ನದೇ ಮೈಯದು. ಮಿದುಳಿನಲ್ಲಿ 'ಏನೋ ಒಳ್ಳೆಯದು ಬರಲಿದೆ' ಎಂದು ಸೂಚಿಸುವ ಒಂದು ಭಾಗವಿದೆ. ಪರಿಚಿತ ಮನುಷ್ಯರ ವಾಸನೆ ಸಿಕ್ಕಾಗಲೇ ಅದು ಎಲ್ಲಕ್ಕಿಂತ ಹೆಚ್ಚು ಚುರುಕಾಯಿತು. ಆಗ ಆ ಮನುಷ್ಯರು ಎದುರಿಗೆ ಇರಲೂ ಇಲ್ಲ. ಬಟ್ಟೆಗೆ ಹತ್ತಿದ ವಾಸನೆಯಷ್ಟೇ ಸಾಕಾಯಿತು.

ಹಾಗಾಗಿ ಹೊಸ ನಾಯಿಯನ್ನು ಭೇಟಿ ಮಾಡುವಾಗ ಮೊದಲು ಅದಕ್ಕೆ ನಿಮ್ಮನ್ನು ಮೂಸಲು ಬಿಡಿ. ಮೇಲಿನಿಂದ ಬಾಗಿ ತಲೆಗೆ ಕೈ ಹಾಕಬೇಡಿ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡಿ. ತಬ್ಬಿಕೊಳ್ಳುವುದಂತೂ ಬೇಡವೇ ಬೇಡ. ನಮಗೆ ಅಪ್ಪುಗೆ ಪ್ರೀತಿ, ಹೊಸ ನಾಯಿಗೆ ಅದು ಸಿಕ್ಕಿಬಿದ್ದ ಹಾಗೆ. ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕುಳಿತರೆ ಅದೇ ಹತ್ತಿರ ಬರುತ್ತದೆ. ಎದೆಯ ಮೇಲೋ ಹೆಗಲ ಬದಿಯಲ್ಲೋ ಮೆಲ್ಲಗೆ ಸವರಿ, ಸ್ವಲ್ಪ ಹೊತ್ತಿಗೆ ಕೈ ತೆಗೆದು ನೋಡಿ. ಮತ್ತೆ ಬೇಕಾದರೆ ಅದೇ ಮೈ ಒಡ್ಡುತ್ತದೆ. ತುಟಿ ನೆಕ್ಕುತ್ತ, ಆಕಳಿಸುತ್ತ, ಮುಖ ತಿರುಗಿಸುತ್ತಿದ್ದರೆ ನಿದ್ದೆ ಬಂದಿದೆ ಎಂದುಕೊಳ್ಳಬೇಡಿ, ಅದಕ್ಕೆ ಮುಜುಗರವಾಗಿದೆ. ಬಾಲ ಕಾಲಸಂದಿಗೆ ಸೇರಿದ್ದರೆ ಹೆದರಿದೆ. ತಿನ್ನುತ್ತಿರುವ, ಮಲಗಿರುವ, ಮರಿಗಳಿರುವ ನಾಯಿಯ ಹತ್ತಿರ ಹೋಗಲೇಬಾರದು. ಇದೆಲ್ಲ ನಡೆಯಬೇಕಾದದ್ದು ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ. ಯಾವುದೇ ನಾಯಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಕೂಡಲೇ ಮನೆಯಲ್ಲಿ ಹೇಳಿ ಆಸ್ಪತ್ರೆಗೆ ಹೋಗಬೇಕು. ಬೈಯುತ್ತಾರೆಂದು ಮುಚ್ಚಿಡಬೇಡಿ. ರೇಬೀಸ್‌ಗೆ ಲಸಿಕೆಯಿದೆ, ಸಮಯಕ್ಕೆ ಹಾಕಿಸಿಕೊಂಡರೆ ಅದು ಕಾಪಾಡುತ್ತದೆ.

ಬಾಲ ಅಲ್ಲಾಡಿಸಿತು ಎಂದ ಮಾತ್ರಕ್ಕೆ ಖುಷಿಯಾಗಿದೆ ಎಂದೂ ಅಲ್ಲ. ಇಟಲಿಯ ವಿಜ್ಞಾನಿಗಳು 2007ರಲ್ಲಿ ಒಂದು ಸೊಗಸಾದ ಸಂಗತಿ ಕಂಡುಹಿಡಿದರು. ತನ್ನ ಮನೆಯವರನ್ನು ಕಂಡಾಗ ನಾಯಿಯ ಬಾಲ ಅದರ ಬಲಗಡೆಗೆ ಹೆಚ್ಚು ಬೀಸುತ್ತದೆ. ಜೋರುಮಾಡುವ ಅಪರಿಚಿತ ನಾಯಿಯನ್ನು ಕಂಡಾಗ ಎಡಗಡೆಗೆ ಹೆಚ್ಚು ಬೀಸುತ್ತದೆ. ಮಿದುಳಿನ ಎಡಭಾಗ ಮೈಯ ಬಲಗಡೆಯನ್ನು ನಡೆಸುತ್ತದೆ, ಬಲಭಾಗ ಎಡಗಡೆಯನ್ನು. ಹತ್ತಿರ ಹೋಗಬೇಕೆನಿಸುವ ಭಾವಕ್ಕೂ ದೂರ ಸರಿಯಬೇಕೆನಿಸುವ ಭಾವಕ್ಕೂ ಮಿದುಳಿನ ಬೇರೆ ಬೇರೆ ಬದಿಗಳು ಹೆಚ್ಚು ಕೆಲಸ ಮಾಡುವುದೇ ಇದಕ್ಕೆ ಕಾರಣ ಎನ್ನುತ್ತಾರೆ ಅವರು.

ಹುಬ್ಬಿನ ಕತೆಯೂ ಉಂಟು. ಕೆಂಚ ನಿಮ್ಮನ್ನು ನೋಡುವಾಗ ಹುಬ್ಬಿನ ಒಳತುದಿಯನ್ನು ಮೇಲೆತ್ತುತ್ತಾನೆ, ಕಣ್ಣು ದೊಡ್ಡದಾಗಿ ಮಗುವಿನ ಮುಖದಂತೆ ಕಾಣುತ್ತದೆ. ನಾಯಿಗಳಿಗೆ ಇದಕ್ಕೆಂದೇ ಒಂದು ಪುಟ್ಟ ಸ್ನಾಯು ಇದೆ. ನಾಯಿಗಳ ಪೂರ್ವಜರಾದ ತೋಳಗಳಲ್ಲಿ ಅದು ಸರಿಯಾಗಿ ಬೆಳೆದೇ ಇಲ್ಲ. ಮನುಷ್ಯರ ಜೊತೆ ಬಾಳಿದ ಸಾವಿರಾರು ವರ್ಷಗಳಲ್ಲಿ ನಾಯಿಗಳು ಗಳಿಸಿಕೊಂಡದ್ದು ಇದು ಎಂದು 2019ರ ಒಂದು ಅಧ್ಯಯನ ಹೇಳುತ್ತದೆ. ಆಶ್ರಯಧಾಮದ ನಾಯಿಗಳಲ್ಲಿ ಹೀಗೆ ಹುಬ್ಬು ಹೆಚ್ಚು ಸಲ ಎತ್ತಿದವಕ್ಕೆ ಬೇಗ ಮನೆ ಸಿಕ್ಕಿತು ಎಂಬುದು ಬ್ರಿಟನ್ನಿನಲ್ಲಿ 2013ರಲ್ಲೇ ಗೊತ್ತಾಗಿತ್ತು.

ಆದರೆ ಎಲ್ಲ ನಾಯಿಗಳೂ ಜಾಲರಿಯ ಹತ್ತಿರ ಬರುವುದಿಲ್ಲ. ಕೆಲವು ಗೂಡಿನ ಹಿಂದಿನ ಗೋಡೆಗೆ ಒರಗಿ ನಡುಗುತ್ತಿರುತ್ತವೆ. ಕೆಂಚ ಕೂಡ ಬಂದ ಹೊಸದರಲ್ಲಿ ಹಾಗೆಯೇ ಇದ್ದ, ಅನ್ನ ಮುಟ್ಟಿರಲಿಲ್ಲ. ಆಗ ಅವನ ಮೈಯೊಳಗೆ ಏನು ನಡೆದಿರುತ್ತದೆ? ಮೂತ್ರಪಿಂಡಗಳ ಹತ್ತಿರ ಎರಡು ಚಿಕ್ಕ ಗ್ರಂಥಿಗಳಿವೆ, ನಮ್ಮಲ್ಲೂ ಇವೆ. ಭಯ, ಆತಂಕವಾದಾಗ ಅವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಓಡು ಇಲ್ಲವೇ ಹೋರಾಡು ಎಂದು ಮೈಯನ್ನು ಸಜ್ಜುಗೊಳಿಸುವ ರಸಗಳಲ್ಲಿ ಅದೂ ಒಂದು. ಆದರೆ ಗೂಡಿನಲ್ಲಿರುವ ನಾಯಿ ಓಡಲಾರದು, ಹೋರಾಡಲು ಎದುರಾಳಿಯೂ ಇಲ್ಲ. ಅಮೆರಿಕದ ಒಹಾಯೊ ರಾಜ್ಯದ ಒಂದು ಆಶ್ರಯಧಾಮದಲ್ಲಿ ವಿಜ್ಞಾನಿಗಳು ನಾಯಿಗಳ ರಕ್ತ ಪರೀಕ್ಷಿಸಿ 1997ರಲ್ಲಿ ತಿಳಿಸಿದ್ದು ಇದು: ಬಂದ ಮೊದಲ ಮೂರು ದಿನ ಕಾರ್ಟಿಸಾಲ್ ಹೆಚ್ಚಿರುತ್ತದೆ, ಒಂಬತ್ತು ದಿನ ದಾಟಿದ ನಾಯಿಗಳಲ್ಲಿ ಅಷ್ಟು ಇರುವುದಿಲ್ಲ.

ಸದ್ದು ಬೇರೆ. ನಾಯಿಗಳು ಒಟ್ಟಾಗಿ ಬೊಗಳುವಾಗ ಗೂಡುಗಳ ಸಾಲಿನಲ್ಲಿ ಸದ್ದು 100 ಡೆಸಿಬೆಲ್ ದಾಟುವುದುಂಟು. ನಮ್ಮ ಕಿವಿಗೆ ಕೇಳುವ ಅತಿ ಕೀರಲು ದನಿ ಸೆಕೆಂಡಿಗೆ 20,000 ಕಂಪನಗಳದು. ನಾಯಿಯ ಕಿವಿ ಸುಮಾರು 45,000ದವರೆಗೂ ಕೇಳುತ್ತದೆ. ನಮಗೆ ಬರೀ ಗಲಾಟೆ ಎನಿಸುವ ಜಾಗದಲ್ಲಿ ಅವುಗಳಿಗೆ ಇನ್ನೂ ಏನೇನೋ ಕೇಳುತ್ತಿರುತ್ತದೆ. ಅಲ್ಲಿ ನಿದ್ದೆ ಹೇಗೆ ಬಂದೀತು?

2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಐದು ಆಶ್ರಯಧಾಮಗಳ 207 ನಾಯಿಗಳನ್ನು ಒಂದೆರಡು ರಾತ್ರಿಯ ಮಟ್ಟಿಗೆ ಮನೆಗಳಿಗೆ ಕರೆದೊಯ್ದು ನೋಡಿದರು. ಮನೆಯಲ್ಲಿದ್ದಾಗ ಮೂತ್ರದಲ್ಲಿ ಕಾರ್ಟಿಸಾಲ್ ಇಳಿಯಿತು, ನಾಯಿಗಳು ಎಡೆಬಿಡದೆ ಹೆಚ್ಚು ಹೊತ್ತು ವಿಶ್ರಾಂತಿ ಪಡೆದವು. ವಾಪಸು ಬಂದಾಗ ಕಾರ್ಟಿಸಾಲ್ ಮೊದಲಿನ ಮಟ್ಟಕ್ಕೆ ಏರಿತೇ ಹೊರತು ಅದಕ್ಕಿಂತ ಮೇಲೇನೂ ಹೋಗಲಿಲ್ಲ. 'ಎರಡು ದಿನ ಕರೆದೊಯ್ದು ಮತ್ತೆ ಬಿಟ್ಟರೆ ಪಾಪ ಇನ್ನೂ ನೊಂದುಕೊಳ್ಳುತ್ತದಲ್ಲ' ಎಂದು ಹಿಂಜರಿಯುವ ಹಿರಿಯರಿಗೆ ಇದನ್ನು ನೀವು ಹೇಳಬಹುದು.

ಈಗ ಕೆಂಚನಿಗೆ ಮನೆ ಸಿಕ್ಕಿತು ಎಂದುಕೊಳ್ಳಿ. ಮೊದಲ ದಿನವೇ ಅವನು ಸೋಫಾ ಹತ್ತಿ ನಿಮ್ಮ ತೊಡೆಯ ಮೇಲೆ ಮಲಗುತ್ತಾನೆಯೇ? ಬಹುಶಃ ಇಲ್ಲ. ಮಂಚದ ಕೆಳಗೆ ಸೇರಿಕೊಂಡಾನು. ನಡುಮನೆಯಲ್ಲೇ ಉಚ್ಚೆ ಹೊಯ್ದಾನು. ಮಿಕ್ಸಿ ಸದ್ದಿಗೆ, ಕುಕ್ಕರ್ ಸೀಟಿಗೆ ಬೆಚ್ಚಿಬಿದ್ದಾನು. ಆಶ್ರಯಧಾಮದಲ್ಲಿ ಅಷ್ಟು ಸ್ನೇಹದಿಂದಿದ್ದವನು ಇಲ್ಲೇಕೆ ಹೀಗೆ ಎಂದು ಮನೆಯವರು ಕಂಗೆಡುವುದು ಈ ಘಟ್ಟದಲ್ಲೇ. ಎಷ್ಟೋ ನಾಯಿಗಳು ವಾಪಸು ಹೋಗುವುದೂ ಆಗಲೇ. ಇದು ಕೆಂಚನ ಗುಣ ಅಲ್ಲ, ಆ ಕಾರ್ಟಿಸಾಲ್ ರಸದ ಪ್ರಭಾವ. ಒಲೆ ಆರಿಸಿದ ಮೇಲೂ ದೋಸೆ ಹೆಂಚು ಸ್ವಲ್ಪ ಹೊತ್ತು ಬಿಸಿಯಾಗೇ ಇರುತ್ತದಲ್ಲ, ಹಾಗೆ ಭಯದ ಕಾರಣ ಹೋದಮೇಲೂ ಮೈ ತಣ್ಣಗಾಗಲು ಸಮಯ ಬೇಕು. ನಾಯಿ ಸಾಕಿ ಪಳಗಿದವರು ಒಂದು ಲೆಕ್ಕ ಹೇಳುತ್ತಾರೆ: ಗಾಬರಿ ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ಇದು ನನ್ನದೇ ಮನೆ ಎನಿಸಲು ಮೂರು ತಿಂಗಳು. ಪ್ರಯೋಗಶಾಲೆಯ ಲೆಕ್ಕವಲ್ಲ ಇದು, ಅನುಭವದ್ದು. ಕೆಲವು ನಾಯಿಗಳು ಬೇಗ, ಕೆಲವು ತಡ.

ಅಷ್ಟು ದಿನ ಅವನಿಗೊಂದು ಮೂಲೆ, ಹಾಸಿಕೊಳ್ಳಲು ಹಳೆಯ ಜಮಖಾನ, ಹೊತ್ತಿಗೆ ಸರಿಯಾಗಿ ಊಟ, ನೀರು. ನೆಂಟರಿಷ್ಟರನ್ನು ಕರೆದು ತೋರಿಸುವುದು ಆಮೇಲೆ ಆಗಲಿ. ಊಟವನ್ನು ಥಟ್ಟನೆ ಬದಲಿಸಿದರೆ ಹೊಟ್ಟೆ ಕೆಡುತ್ತದೆ, ಆಶ್ರಯಧಾಮದಲ್ಲಿ ಕೊಡುತ್ತಿದ್ದುದನ್ನೇ ಕೆಲವು ದಿನ ಮುಂದುವರಿಸಬೇಕು. ಅನ್ನ, ರಾಗಿ ಮುದ್ದೆ ನಾಯಿಗೆ ಅರಗುತ್ತದೆಯೇ ಎಂದು ಕೇಳುವವರಿದ್ದಾರೆ. ಹಿಟ್ಟಿನ ಪದಾರ್ಥ ಅರಗಿಸಲು ಬೇಕಾದ ಒಂದು ಜೀನ್ ತೋಳದಲ್ಲಿ ಸಾಮಾನ್ಯವಾಗಿ ಎರಡು ಪ್ರತಿ ಇದ್ದರೆ, ನಾಯಿಗಳಲ್ಲಿ ಹೆಚ್ಚಾಗಿ ಅದಕ್ಕಿಂತ ಎಷ್ಟೋ ಪಟ್ಟು ಇರುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಕಂಡುಕೊಂಡರು. ರೈತರ ಮನೆಯಂಗಳದಲ್ಲಿ ಬೆಳೆದ ಪ್ರಾಣಿಯ ಹೊಟ್ಟೆ ಅದು! ಅಂದಮಾತ್ರಕ್ಕೆ ಮುದ್ದೆಯೊಂದೇ ಸಾಲದು, ಮೊಟ್ಟೆಯೋ ಮಾಂಸವೋ ಜೊತೆಗಿರಬೇಕು. ಚಾಕೊಲೇಟು, ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ನಾಯಿಗೆ ವಿಷ. ನಿಮ್ಮ ಕೈಯಲ್ಲಿರುವ ಚಾಕೊಲೇಟನ್ನು ಅವನು ಹುಬ್ಬೆತ್ತಿ ಎಷ್ಟೇ ಬೇಡಿದರೂ ಕೊಡಬೇಡಿ.

ಒಂದು ಮನೆಯಿಂದ ಇನ್ನೊಂದಕ್ಕೆ ಬಂದ ನಾಯಿಯ ಕತೆ ನಮ್ಮ ನಾಡಿನ ಕಲ್ಲಿನಲ್ಲೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 950ರ ಸುಮಾರಿನ ಕನ್ನಡ ಶಾಸನ ಅದು. ತಕ್ಕೋಲ ಎಂಬಲ್ಲಿ ನಡೆದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ ಗಂಗರ ದೊರೆ ಬೂತುಗ 'ಏನು ಬೇಕೋ ಕೇಳು' ಎಂದ. ಮಣಲೇರ ಕೇಳಿದ್ದು ಚಿನ್ನವನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಹೀಗೆ ಹೊಸ ಒಡೆಯನ ಬಳಿಗೆ ಬಂದ ಕಾಳಿ ಮುಂದೆ ದೊಡ್ಡದೊಂದು ಕಾಡುಹಂದಿಯ ಜೊತೆ ಕಾದಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿ ಮತ್ತು ಹಂದಿ ಸೆಣಸುವ ಚಿತ್ರವನ್ನೂ ಕೆತ್ತಿಸಿದರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು.

ನಿಮ್ಮ ಮನೆಯಲ್ಲಿ ನಾಯಿ ಸಾಕಲು ಆಗದೇ ಇರಬಹುದು. ಜಾಗವಿಲ್ಲ, ಅಜ್ಜಿಗೆ ಹೆದರಿಕೆ, ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ಹಾಗಿದ್ದರೂ ಕೆಂಚನಿಗಾಗಿ ನೀವು ಮಾಡಬಹುದಾದ ಕೆಲಸ ಒಂದಿದೆ. ಬ್ರಿಟನ್ನಿನಲ್ಲಿ ಆಶ್ರಯಧಾಮದ ನಾಯಿಗಳಿಗೆ ಬಗೆಬಗೆಯ ಸಂಗೀತ ಕೇಳಿಸಿ, ಜೊತೆಗೆ ಯಾರೋ ಕತೆ ಓದುವ ಧ್ವನಿಮುದ್ರಣವನ್ನೂ ಕೇಳಿಸಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಗೆದ್ದದ್ದು ಕತೆ. ಅದನ್ನು ಕೇಳುವಾಗಲೇ ನಾಯಿಗಳು ಹೆಚ್ಚು ಹೊತ್ತು ಮಲಗಿ ವಿಶ್ರಾಂತಿ ಪಡೆದವು. ಅಮೆರಿಕದ ಮಿಸೌರಿ ರಾಜ್ಯದ ಒಂದು ಪ್ರಾಣಿದಯಾ ಸಂಸ್ಥೆಯಲ್ಲಿ ಮಕ್ಕಳು ಗೂಡುಗಳ ಮುಂದೆ ನೆಲದ ಮೇಲೆ ಕುಳಿತು ನಾಯಿಗಳಿಗೆ ಪುಸ್ತಕ ಓದಿ ಹೇಳುತ್ತಾರೆ. ಹಿಂದಿನ ಗೋಡೆಗೆ ಒರಗಿದ್ದ ನಾಯಿ ಮೆಲ್ಲಗೆ ಮುಂದೆ ಬಂದರೆ ಅದಕ್ಕೊಂದು ತಿನಿಸು. ಹೀಗೆ ಮುಂದೆ ಬರಲು ಕಲಿತ ನಾಯಿ ದತ್ತು ಪಡೆಯಲು ಬಂದವರ ಕಣ್ಣಿಗೆ ಬೀಳುತ್ತದೆ.

ನಿಮ್ಮ ಊರಿನ ಆಶ್ರಯಧಾಮದಲ್ಲೂ ಹೀಗೆ ಓದಲು ಬಿಡುತ್ತಾರೆಯೇ ಎಂದು ಮನೆಯ ದೊಡ್ಡವರಿಂದ ಕೇಳಿಸಿ. ಕನ್ನಡ ಪಾಠಪುಸ್ತಕವಾದರೂ ನಡೆಯುತ್ತದೆ, ಗಣಿತದ ಮಗ್ಗಿಯಾದರೂ ನಡೆಯುತ್ತದೆ. ಓದುವಾಗ ಕೆಂಚನನ್ನೇ ನೋಡುತ್ತ ಕೂರಬೇಡಿ, ಕಣ್ಣು ಪುಸ್ತಕದ ಮೇಲಿರಲಿ. ದನಿ ಮೆಲ್ಲಗಿರಲಿ, ಅವನ ಕಿವಿ ಎಷ್ಟು ಸೂಕ್ಷ್ಮ ಎಂದು ನಿಮಗೀಗ ಗೊತ್ತಲ್ಲ.